ಕೋಳಿಗೆ ನೀರು: ಬೋಗುಣಿಯಾ, ನಿಪ್ಪಲ್ಲಾ? ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನೀರಿನದ್ದೇ. ಮೇ ತಿಂಗಳ ಸೆಕೆಗೆ ಕೋಳಿ ಬಾಯಿ ಬಿಟ್ಟು ಏದುಸಿರು ಬಿಡ್ತಾ ಉಂಟು, ಇನ್ನು ಎರಡು ವಾರಕ್ಕೆ ಮಳೆ ಹಿಡಿದ್ರೆ ಗೂಡೆಲ್ಲ ಚಂಡಿ, ಎರಡರ ನಡುವೆ ಈಗ ನೀರಿನ ವ್ಯವಸ್ಥೆ ಸರಿ ಮಾಡ್ಕೊಂಡ್ರೆ ಒಳ್ಳೇದೇ.

ಡಾಕ್ಟ್ರೇ, ನಮ್ಮಲ್ಲಿ ಆರು ಹೇಂಟೆ, ಒಂದು ಹುಂಜ. ಹಳೇ ಬೋಗುಣಿಯಲ್ಲಿ ನೀರಿಡ್ತೇನೆ, ಅರ್ಧ ಗಂಟೆಯಲ್ಲಿ ಕೆದಕಿ ಕೆದಕಿ ಮಣ್ಣು ತುಂಬಿಸ್ತವೆ, ಅದರಲ್ಲೇ ಹಿಕ್ಕೆ ಕೂಡ. ಮಗ ನಿಪ್ಪಲ್, ಅಂದ್ರೆ ಕೋಳಿ ಕುಕ್ಕಿದ್ರೆ ಮಾತ್ರ ಹನಿ ನೀರು ಬಿಡುವ ಸಣ್ಣ ಕಡ್ಡಿಯದ್ದು, ಬಾಲ್ದಿಗೆ ಹಾಕುವ ಅಂತಾನೆ, ಅತ್ತೆ ಗೆರಟೆಯಲ್ಲಿ ಕುಡಿದ ಕೋಳಿಗಳೇ ಗಟ್ಟಿ ಅಂತಾರೆ. ಯಾವುದು ಮಾಡ್ಲಿ? (ಕುಲಶೇಖರ, ಮಂಗಳೂರು)

ಅತ್ತೆ ಹೇಳಿದ್ದು ಪೂರ್ತಿ ತಪ್ಪಲ್ಲ ಅಕ್ಕ, ಅವರ ಕಾಲದ ಕೋಳಿ ಗೆರಟೆಯಲ್ಲಿ ಒಂದು ಗುಟುಕು ಕುಡಿದು ತೋಟಕ್ಕೆ ಹೋಗಿ ಅಡಿಕೆ ಬುಡದ ನೀರು ಕುಡೀತಿತ್ತು, ನಿಮ್ಮದು ಬಲೆಯೊಳಗೆ ಉಂಟು. ನೀವು ಇಟ್ಟದ್ದು ಬಿಟ್ರೆ ಅದಕ್ಕೆ ಬೇರೆ ಇಲ್ಲ.

ಮೊದಲು ಲೆಕ್ಕ ನೋಡುವ. ಮೊಟ್ಟೆ ಇಡುವ ಒಂದು ಹೇಂಟೆ ದಿನಕ್ಕೆ 110ರಿಂದ 120 ಗ್ರಾಂ ಆಹಾರ ತಿಂದ್ರೆ ಅದರ ಎರಡು ಪಟ್ಟು, ಅಂದ್ರೆ ಸುಮಾರು ಕಾಲು ಲೀಟರ್ ನೀರು ಕುಡೀತದೆ. ಸೆಕೆಗೆ ಅದು ಅರ್ಧ ಲೀಟರ್‌ವರೆಗೆ ಹೋಗ್ತದೆ, ಯಾಕಂದ್ರೆ ಕೋಳಿಗೆ ಬೆವರು ಬರುದಿಲ್ಲ, ಬಾಯಿ ಬಿಟ್ಟು ಉಸಿರಾಡಿಯೇ ಮೈ ತಣಿಸ್ಬೇಕು, ಆ ಉಸಿರಲ್ಲಿ ನೀರು ಹೋಗ್ತದೆ. ಮೊಟ್ಟೆಯಲ್ಲೂ ಮುಕ್ಕಾಲು ಪಾಲು ನೀರೇ ಇರುದು. ಹಾಗಾಗಿ ನಿಮ್ಮ ಏಳು ಕೋಳಿಗೆ ಈಗ ದಿನಕ್ಕೆ ಮೂರೂವರೆ ಲೀಟರ್ ಬೇಕಾಗ್ಬಹುದು, ಬೋಗುಣಿ ಬೆಳಿಗ್ಗೆ ಒಂದು ಸಲ ತುಂಬಿಸಿದ್ರೆ ಸಾಕಾಗುದಿಲ್ಲ.

ಆರೇಳು ಕೋಳಿಗೆ ನನ್ನ ಮತ ನಿಪ್ಪಲ್‌ಗೆ. ಆದ್ರೆ ಎಲ್ಲರೂ ಹೇಳುವ ಕಾರಣಕ್ಕಲ್ಲ. ನೀರು ಶುದ್ಧ ಇರ್ತದೆ ಅನ್ನುದು ಸರಿಯೇ, ಅದಕ್ಕಿಂತ ದೊಡ್ಡ ಲಾಭ ನೆಲ ಒಣಗಿ ಇರುದು. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ಮರದ ಹುಡಿ ಒಮ್ಮೆ ಚಂಡಿ ಆದ್ರೆ ಒಣಗುವ ಮಾತೇ ಇಲ್ಲ, ಅಲ್ಲಿಂದ ಅಮೋನಿಯಾ ವಾಸನೆ, ಅಲ್ಲಿಂದಲೇ ಕಾಕ್ಸಿಡಿಯೋಸಿಸ್ ಅಂತ ರಕ್ತಭೇದಿ. ಮಳೆಗಾಲದಲ್ಲಿ ರಕ್ತ ಹಿಕ್ಕೆ ಹಾಕುವ ಮರಿ ಹಿಡ್ಕೊಂಡು ಬಂದವರ ಹತ್ರ ನಾನು ಮೊದಲು ಕೇಳುದು ಮದ್ದಿನ ವಿಷಯ ಅಲ್ಲ, ನೀರು ಎಲ್ಲಿಡ್ತೀರಿ ಅಂತ. ತೆರೆದ ಪಾತ್ರೆ ರಾತ್ರಿ ಗೂಡಲ್ಲೇ ಇದ್ರೆ ಇಲಿ ಬಂದು ಮೂತ್ರ ಮಾಡಿ ಹೋಗ್ತದೆ, ಇಲಿಜ್ವರ ಮರುದಿನ ಅದನ್ನು ತೊಳೆಯುವ ನಮಗೆ. ಸೊಳ್ಳೆಯದ್ದು ಮಂಗಳೂರಿನವರಿಗೆ ನಾನು ಹೇಳ್ಬೇಕಾ, ಮಲೇರಿಯಾ ಗೊತ್ತಿಲ್ಲದ ಮನೆ ಉಂಟಾ ಇಲ್ಲಿ.

ಏಳು ಕೋಳಿಗೆ ಮೂರು ನಿಪ್ಪಲ್ ಹಾಕಿ. ಎರಡೇ ಸಾಕಾಗ್ತದೆ, ಆದ್ರೆ ಒಂದು ಕಟ್ಟಿದ್ರೆ? ಇನ್ನೊಂದರ ಎದುರು ಜೋರಿನ ಹೇಂಟೆ ನಿಂತ್ರೆ? ಮುಚ್ಚಳ ಇರುವ 20 ಲೀಟರಿನ ಬಾಲ್ದಿ ತಗೊಳ್ಳಿ, ಪೈಂಟಿನದ್ದಲ್ಲ, ಆಹಾರದ ಎಣ್ಣೆಯೋ ಉಪ್ಪಿನಕಾಯಿಯೋ ಬಂದದ್ದು, ಬೆಳಕು ತೂರದ ಬಣ್ಣದ್ದು. ಬಿಳಿ ತೆಳು ಬಾಲ್ದಿಯಲ್ಲಿ ಒಂದೇ ವಾರಕ್ಕೆ ಹಸಿರು ಪಾಚಿ. ತಳಕ್ಕೆ ಹಾಕುವ ನಿಪ್ಪಲ್ ಆದ್ರೆ ಬಾಲ್ದಿ ನೇತು ಹಾಕ್ಬೇಕು, ತುಂಬಿದ ಬಾಲ್ದಿ 20 ಕಿಲೋ, ಹಳೇ ರೀಪಿಗೆ ಕಟ್ಟಿ ನಂತ್ರ ನನ್ನನ್ನು ಬೈಬೇಡಿ. ಬದಿಗೆ ಹಾಕುವ ಅಡ್ಡ ನಿಪ್ಪಲ್ ಸಿಗ್ತದೆ, ಅದನ್ನು ತಗೊಂಡ್ರೆ ಬಾಲ್ದಿಯನ್ನು ಕೆಂಪುಕಲ್ಲಿನ ಮೇಲೆ ಸುಮ್ನೆ ಕೂರಿಸ್ಬಹುದು. ತಳದ ನಿಪ್ಪಲ್ ಆದ್ರೆ ಎತ್ತರ ಎಷ್ಟಂದ್ರೆ, ಕೋಳಿ ಪಾದ ಪೂರ್ತಿ ಊರಿ ನಿಂತು ಕುತ್ತಿಗೆ ಸ್ವಲ್ಪ ಮೇಲೆ ಚಾಚಿ ಕುಡೀಬೇಕು, ಬಗ್ಗಿ ಕುಡಿದ್ರೆ ಅರ್ಧ ನೀರು ಕೆಳಗೆ. ಬಾಲ್ದಿ ನೆರಳಲ್ಲಿರಲಿ. ಬಿಸಿಲಲ್ಲಿ ಕಾದ ನೀರು ಕೋಳಿ ಕುಡಿಯುದಿಲ್ಲ, ಅದೂ ಬೇಕೇ ಬೇಕಾದ ಮಧ್ಯಾಹ್ನದ ಹೊತ್ತಲ್ಲೇ.

ಬೋಗುಣಿ ಒಮ್ಮೆಲೇ ತೆಗಿಬೇಡಿ. ನಾಲ್ಕು ದಿನ ಎರಡೂ ಇರಲಿ, ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ಬೋಗುಣಿ ಅಡಗಿಸಿ, ನಿಪ್ಪಲ್‌ನ ಹೊಳೆಯುವ ಕಡ್ಡಿಯನ್ನು ಬೆರಳಲ್ಲಿ ಒತ್ತಿ ಒಂದು ಹನಿ ತೋರಿಸಿ. ಹೊಳೆಯುದನ್ನು ಕಂಡ್ರೆ ಕುಕ್ಕದ ಕೋಳಿ ಇಲ್ಲ. ಒಂದು ಕಲಿತ್ರೆ ಉಳಿದದ್ದು ನೋಡಿ ಕಲೀತವೆ, ಮುದಿ ಹೇಂಟೆ ಮಾತ್ರ ಸ್ವಲ್ಪ ಹಠ.

ಈಗ ನಿಪ್ಪಲ್ ಮಾರುವವರು ಹೇಳದ ಮಾತು. ಬೋಗುಣಿ ಖಾಲಿ ಆದ್ರೆ ಕಣ್ಣಿಗೆ ಕಾಣ್ತದೆ, ನಿಪ್ಪಲ್ ಕಟ್ಟಿದ್ರೆ ಕಾಣುದಿಲ್ಲ. ನನ್ನ ಹಿತ್ತಿಲಲ್ಲೇ ಆದದ್ದು ಇದು. ಬಾಲ್ದಿ ತುಂಬಾ ನೀರು, ಗೂಡಿಂದ ಟಕ್ ಟಕ್ ಟಕ್ ಸದ್ದು, ಓ ಕುಡೀತಾ ಉಂಟಲ್ಲ ಅಂತ ಎರಡು ದಿನ ಆ ಕಡೆ ಹೋಗ್ಲಿಲ್ಲ. ಮೂರನೇ ದಿನ ಒಂಬತ್ತು ಹೇಂಟೆಗೆ ಎರಡೇ ಮೊಟ್ಟೆ. ಹೋಗಿ ಬೆರಳಿಟ್ಟು ಒತ್ತಿದ್ರೆ ನಾಲ್ಕರಲ್ಲಿ ಮೂರು ನಿಪ್ಪಲ್ ಒಣಗಿ ಕೂತಿತ್ತು, ಬೋರ್‌ವೆಲ್ ನೀರಿನ ಕೆಂಪು ಲೋಳೆ ಕಡ್ಡಿಯ ಬುಡಕ್ಕೆ ಹಿಡಿದು ಗಟ್ಟಿ ಆಗಿತ್ತು, ಪಾಪ ಅವು ಟಕ್ ಟಕ್ ಅಂತ ಹೊಡೀತಾ ಇದ್ದದ್ದು ನೀರು ಬಾರದ್ದಕ್ಕೆ. ಮೊಟ್ಟೆ ಮೊದಲಿನ ಲೆಕ್ಕಕ್ಕೆ ಬರ್ಲಿಕ್ಕೆ ವಾರಗಳೇ ಹಿಡೀತು. ಡಾಕ್ಟ್ರ ಮನೆಯ ಕತೆ ಇದು, ನಗ್ಬೇಡಿ. ಅಂದಿನಿಂದ ಬೆಳಿಗ್ಗೆ ಕಾಫಿ ಆದ ಕೂಡ್ಲೇ ಒಂದೊಂದು ನಿಪ್ಪಲ್‌ಗೂ ಬೆರಳು ಮುಟ್ಟಿಸಿಯೇ ಬರುದು. ಅರ್ಧ ನಿಮಿಷದ ಕೆಲಸ. ಅದು ಆಗುದಿಲ್ಲ ಅಂತಾದ್ರೆ ಬೋಗುಣಿಯೇ ಇರಲಿ, ಕೋಳಿಯ ಬೆನ್ನಿನ ಎತ್ತರಕ್ಕೆ ಕಲ್ಲಿನ ಮೇಲಿಡಿ, ದಿನಕ್ಕೆ ಎರಡು ಸಲ ಚೆಲ್ಲಿ ಉಜ್ಜಿ ತುಂಬಿಸಿ, ರಾತ್ರಿ ಕವುಚಿ ಹಾಕಿ.

ಬಾಲ್ದಿಗೆ ನಿಪ್ಪಲ್ ನಾನೇ ಹಾಕಿದೆ ಸರ್. ಹತ್ತು ನಿಮಿಷ ಚೆಂದ ನೀರು ಬರ್ತದೆ, ಮತ್ತೆ ನಿಲ್ತದೆ. ಬಿಚ್ಚಿ ನೋಡಿದ್ರೆ ಕಸ ಇಲ್ಲ. ಮತ್ತೆ ಹಾಕಿದ್ರೆ ಹತ್ತು ನಿಮಿಷ ಬರ್ತದೆ. ಎಂತ ಮಾಡುದು? (ಬ್ರಹ್ಮಾವರ)

ಮುಚ್ಚಳಕ್ಕೆ ಒಂದು ಸಣ್ಣ ತೂತು ಕೊರೀರಿ, ಅಷ್ಟೇ. ಗಾಳಿ ಒಳಗೆ ಹೋಗದಿದ್ರೆ ನೀರು ಹೊರಗೆ ಬರುದು ಹೇಗೆ? ನೀವು ಬಿಚ್ಚಿ ನೋಡುವಾಗ ಮುಚ್ಚಳ ತೆಗೀತೀರಿ, ಗಾಳಿ ಹೋಗ್ತದೆ, ಅದಕ್ಕೇ ಮತ್ತೆ ಹತ್ತು ನಿಮಿಷ ಬರುದು. ತೂತಿಗೆ ಸೊಳ್ಳೆ ಬಲೆಯ ಚೂರು ಅಂಟಿಸಿ.

ನಿಪ್ಪಲ್ ಸೋರುವ ದೂರು ಕೂಡ ತುಂಬ ಬಂದಿದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ತೂತು ನಿಪ್ಪಲ್‌ನ ಅಳತೆಗಿಂತ ದೊಡ್ಡದು ಕೊರೀಬೇಡಿ. ಟೇಪ್ ಹಾಕಿದ್ರೂ ಕಡ್ಡಿಯಿಂದ ಹನೀತಾ ಇದ್ರೆ ಒಳಗೆ ಮರಳಿನ ಕಣ ಕೂತಿರ್ತದೆ. ಮತ್ತೆ ಕೆಲವರು ತಾರಸಿಯ ಟ್ಯಾಂಕಿಯಿಂದ ಸೀದಾ ಪೈಪ್ ಎಳೆದು ನಿಪ್ಪಲ್ ಹಾಕ್ತಾರೆ, ಅದು ಬೇಡ ಮಾರಾಯ್ರೆ, ಅಷ್ಟು ಎತ್ತರದ ಒತ್ತಡ ಈ ಸಣ್ಣ ನಿಪ್ಪಲ್ ತಡೆಯುದಿಲ್ಲ, ಟ್ಯಾಂಕಿಯ ನೀರು ಫ್ಲೋಟ್ ಇರುವ ಒಂದು ಬಾಲ್ದಿಗೆ ಬಿದ್ದು, ಆ ಬಾಲ್ದಿ ನಿಪ್ಪಲ್‌ಗಿಂತ ಒಂದೆರಡು ಅಡಿ ಮೇಲಿದ್ರೆ ಸಾಕು.

ಕಡಲು ಒಂದು ಬದಿ, ಹೊಳೆ ಒಂದು ಬದಿ ನಮ್ಮಲ್ಲಿ. ಮಾರ್ಚ್ ಆದ್ಮೇಲೆ ಬಾವಿ ನೀರು ಸಪ್ಪೆ ಉಪ್ಪು. ಕೋಳಿಗಳು ನೀರು ನೀರಾಗಿ ಹಿಕ್ಕೆ ಹಾಕ್ತವೆ, ಆದ್ರೆ ಚುರುಕಾಗೇ ಇವೆ. ರೋಗವಾ? (ಕೋಡಿಬೆಂಗ್ರೆ)

ಚುರುಕಾಗಿದ್ದು, ಆಹಾರ ತಿಂತಾ ಇದ್ದು, ಹಿಕ್ಕೆಯಲ್ಲಿ ರಕ್ತ ಇಲ್ಲ ಅಂದ್ರೆ ಮೊದಲ ಅನುಮಾನ ಉಪ್ಪಿನ ಮೇಲೆಯೇ. ಉಪ್ಪು ಹೊರಗೆ ಹಾಕ್ಲಿಕ್ಕೆ ಕೋಳಿ ಜಾಸ್ತಿ ನೀರು ಕುಡೀತದೆ, ಆ ನೀರೇ ಹಿಕ್ಕೆಯಲ್ಲಿ ಬರುದು. ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಅಂತ ಪೆನ್ನಿನ ಹಾಗಿನದ್ದು ಸಿಗ್ತದೆ, ಅಕ್ಕಪಕ್ಕದ ನಾಲ್ಕು ಮನೆಗೆ ಒಂದು ಸಾಕು. 1000ದ ಒಳಗೆ ತೋರಿಸಿದ್ರೆ ಚಿಂತೆ ಇಲ್ಲ, 1000ದಿಂದ 3000 ಆದ್ರೆ ನಿಮ್ಮಲ್ಲಿ ಆದ ಹಾಗೆ ಹಿಕ್ಕೆ ತೆಳು ಆಗ್ಬಹುದು, ಅದಕ್ಕಿಂತ ಮೇಲೆ ಹೋದ್ರೆ ಆ ನೀರು ಕೊಡ್ಲೇಬೇಡಿ, ಮರಿಗಂತೂ ಬೇಡವೇ ಬೇಡ. ನಳ್ಳಿ ನೀರು ಬರ್ತದೆ ಅಂದ್ರೆ ಕುಡಿಯುವ ಪಾಲು ಅದರಲ್ಲೇ ಕೊಡಿ. ಎಷ್ಟು ಬೇಕು, ಹತ್ತು ಕೋಳಿಗೆ ಐದು ಲೀಟರ್.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದ್ರೂ ನಾನೇ ಕೇಳ್ತೇನೆ, ಒಣಮೀನಿನ ತಲೆ ಕೋಳಿಗೆ ಹಾಕ್ತೀರಾ? ಹಾಕ್ತೀರಿ, ಕಡಲ ಬದಿಯವರು ಹಾಕದೆ ಇರುದಿಲ್ಲ. ಅಂಗಡಿಯ ಆಹಾರದಲ್ಲೂ ಉಪ್ಪು ಉಂಟು, ಬಾವಿಯಲ್ಲೂ ಉಂಟು, ಮೇಲಿಂದ ಒಣಮೀನು. ಮಳೆ ಬಂದು ಬಾವಿ ಸಿಹಿ ಆಗುವವರೆಗೆ ಅದನ್ನು ನಿಲ್ಲಿಸಿ.

ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕ್ಬೇಕು? ವಿನೆಗರ್ ಹಾಕಿದ್ರೆ ಸಾಕಾ? (ಕಾಪು)

ಚಿಟಿಕೆ ಲೆಕ್ಕ ಬೇಡ. ಹೊಸ ಪೌಡರ್ ಒಂದು ಸಣ್ಣ ಚಮಚ, ಸುಮಾರು 5 ಗ್ರಾಂ, ಒಂದು ಲೀಟರ್ ನೀರಲ್ಲಿ ಕಲಸಿ ಬಿಡಿ, ಸುಣ್ಣ ಕೆಳಗೆ ಕೂರ್ತದೆ. ಮೇಲಿನ ತಿಳಿ ಮಾತ್ರ 20 ಲೀಟರ್ ಬಾಲ್ದಿಗೆ 40 ಎಂಎಲ್ ಹಾಕಿ, ಅರ್ಧ ಗಂಟೆ ಬಿಟ್ಟು ಕೊಡಿ. ಇದು ಸುಮಾರು 3 ಪಿಪಿಎಂ, ಅಂದ್ರೆ ಲೀಟರಿಗೆ 3 ಮಿಲಿಗ್ರಾಂ ಕ್ಲೋರಿನ್ ಆಗ್ತದೆ, ಕೋಳಿಗೆ ಸಾಕು. ಪೌಡರ್ ಹಳತಾಗಿ ವಾಸನೆ ಹೋಗಿದ್ರೆ ಅದು ಬರೀ ಸುಣ್ಣ, ನಮ್ಮ ಹವೆಗೆ ಕಟ್ಟು ಬಿಚ್ಚಿದ್ದು ಬೇಗ ಸತ್ವ ಕಳ್ಕೊಳ್ತದೆ.

ರಾಣಿಖೇತ್ ಅಂತ ಕೋಳಿಗೆ ಬರುವ ರೋಗದ ಲಸಿಕೆ ನೀರಲ್ಲಿ ಕೊಡುವವರು ಇಲ್ಲಿ ಜಾಗ್ರತೆ. ಆ ಲಸಿಕೆಯಲ್ಲಿ ಇರುದು ಜೀವಂತ ವೈರಸ್, ಕ್ಲೋರಿನ್ ಇದ್ರೆ ಅದು ಸಾಯ್ತದೆ, ನೀವು ಲಸಿಕೆ ಹಾಕಿದ್ದೇನೆ ಅಂತ ಧೈರ್ಯದಲ್ಲಿ ಇರ್ತೀರಿ. ಎರಡು ದಿನ ಮೊದಲೇ ಬ್ಲೀಚಿಂಗ್ ನಿಲ್ಲಿಸಿ, ಬಾಲ್ದಿಯನ್ನು ಬರೀ ನೀರಲ್ಲಿ ತೊಳೀರಿ, ಲಸಿಕೆಯ ದಿನ ಬೆಳಿಗ್ಗೆ ಒಂದೆರಡು ಗಂಟೆ ನೀರು ಕೊಡದೆ ಬಾಯಾರಿಸಿ, ಆಮೇಲೆ ತಣ್ಣಗಿನ ಬಾವಿ ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಲೀಟರಿಗೆ ಒಂದರ್ಧ ಚಮಚ ಬೆರೆಸಿ ಅದರಲ್ಲಿ ಲಸಿಕೆ ಕೊಡಿ. ಎರಡು ಗಂಟೆಯೊಳಗೆ ಕುಡಿದು ಮುಗೀಬೇಕು.

ವಿನೆಗರ್ ನಾನು ಬೇಡ ಅನ್ನುದಿಲ್ಲ, ಮದ್ದು ಅಂತಲೂ ಹೇಳುದಿಲ್ಲ. 4 ಲೀಟರಿಗೆ ಒಂದು ದೊಡ್ಡ ಚಮಚ, ಪ್ಲಾಸ್ಟಿಕ್ ಬಾಲ್ದಿಯಲ್ಲಿ ಮಾತ್ರ. ಜಿಂಕ್ ಬಾಲ್ದಿಗೆ ಹಾಕಿದ್ರೆ ಹುಳಿಗೆ ಜಿಂಕ್ ಬಿಟ್ಟು ಕೋಳಿಯ ಹೊಟ್ಟೆಗೆ ಹೋಗ್ತದೆ. ಮತ್ತೆ ಬ್ಲೀಚಿಂಗ್ ಮತ್ತು ವಿನೆಗರ್ ಯಾವತ್ತೂ ಒಟ್ಟಿಗೆ ಬೇಡ, ತೊಳೆಯುವಾಗಲೂ ಬೇಡ, ಕ್ಲೋರಿನ್ ಗ್ಯಾಸ್ ಏಳ್ತದೆ.

ಕಾವಿಗೆ ಇಟ್ಟು ಹನ್ನೊಂದು ಮರಿ ಬಂತು, ಎರಡು ನೀರಿನ ತಟ್ಟೆಯಲ್ಲಿ ಬಿದ್ದು ಸತ್ತವು. ಉಳಿದದ್ದಕ್ಕೆ ಹೇಗೆ ಕೊಡುದು? (ಸುರತ್ಕಲ್)

ತಟ್ಟೆಗೆ ಚೆನ್ನಾಗಿ ತೊಳೆದ ಸಣ್ಣ ಕಲ್ಲು ತುಂಬಿಸಿ, ಕಲ್ಲಿನ ಸಂದಿಯಲ್ಲಿ ಮಾತ್ರ ನೀರು ಕಾಣುವ ಹಾಗೆ. ಮರಿಗಳಿಗೆಂದೇ ಬರುವ ಕವುಚಿದ ಬಾಟ್ಲಿಯ ಡ್ರಿಂಕರ್ ಇದ್ರೆ ಇನ್ನೂ ಒಳ್ಳೇದು, ಅದರ ಅಂಚಿಗೂ ಮೊದಲ ವಾರ ಕಲ್ಲು ಹಾಕಿ. ತೀರಾ ತಣ್ಣಗಿನದ್ದು ಬೇಡ, ಮುಟ್ಟಿದ್ರೆ ತಣ್ಣಗೂ ಅಲ್ಲ ಬಿಸಿಯೂ ಅಲ್ಲ ಅನ್ನಿಸ್ಬೇಕು. ಒಂದೆರಡು ಮರಿಯ ಕೊಕ್ಕನ್ನು ಮೆಲ್ಲ ನೀರಿಗೆ ಮುಟ್ಟಿಸಿದ್ರೆ ಉಳಿದವು ನೋಡಿ ಕಲೀತವೆ, ತಾಯಿ ಹೇಂಟೆ ಇದ್ರೆ ಆ ಕೆಲಸ ಅದೇ ಮಾಡ್ತದೆ.

ಸಂಜೆ ಒಂದೊಂದೇ ಮರಿ ಕೈಗೆ ತಗೊಂಡು ಎದೆಯ ಮೇಲೆ, ಕುತ್ತಿಗೆಯ ಬುಡದಲ್ಲಿ ಇರುವ ಚೀಲ ಬೆರಳಲ್ಲಿ ಮುಟ್ಟಿ ನೋಡಿ. ತುಂಬಿ ಮೆತ್ತಗೆ, ಗಂಜಿಯ ಹಾಗೆ ಇದ್ರೆ ತಿಂದೂ ಉಂಟು ಕುಡಿದೂ ಉಂಟು. ತುಂಬಿದೆ ಆದ್ರೆ ಗಟ್ಟಿ ಉಂಟು ಅಂದ್ರೆ ಆಹಾರ ಸಿಕ್ಕಿದೆ, ನೀರು ಎಲ್ಲಿ ಅಂತ ಗೊತ್ತಾಗ್ಲಿಲ್ಲ ಅಂತ ಅರ್ಥ, ಆ ಮರಿಯ ಕೊಕ್ಕು ಆಗಲೇ ನೀರಿಗೆ ಮುಟ್ಟಿಸಿ, ಬೆಳಗ್ಗೆವರೆಗೆ ಕಾಯ್ಬೇಡಿ.