ಹೆಬ್ಬೆರಳಿನ ಆಪರೇಷನ್ನೂ ಸೂಜಿಯ ಭಯವೂ

ಅವರನ್ನು ಸತೀಶ್ ಅಂದುಕೊಳ್ಳೋಣ. ನಲವತ್ತರ ಆಚೀಚೆ ವಯಸ್ಸು, ದಿನವಿಡೀ ನಿಂತೇ ಮಾಡುವ ಕೆಲಸ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹೆಂಡತಿಯ ಜೊತೆ ಕುಂಟುತ್ತಾ ನನ್ನ ಬಳಿ ಸಲಹೆಗೆ ಬಂದರು. ಬಲಗಾಲಿನ ಶೂ ಮುಂಭಾಗವನ್ನು ಹೆಬ್ಬೆರಳು ತಾಗದಷ್ಟು ಬ್ಲೇಡಿನಿಂದ ಕುಯ್ದಿದ್ದರು. ಉಗುರಿನ ಅಂಚು ಮಾಂಸದೊಳಗೆ ಬೆಳೆದು, ಬೆರಳು ಕೆಂಪಗೆ ಊದಿತ್ತು. ಆಗಾಗ ಕೀವು ಬೇರೆ. ಮಾತ್ರೆ ನುಂಗಿದರೆ ಕಡಿಮೆ, ಬಿಟ್ಟರೆ ಮತ್ತೆ ಶುರು. ಆ ಅಂಚನ್ನು ತೆಗೆಸಲೇಬೇಕು ಅಂತ ಸರ್ಜನ್ ಹೇಳಿ ತಿಂಗಳುಗಳಾಗಿದ್ದವು. ಕೊಟ್ಟ ದಿನಕ್ಕೆಲ್ಲ ಇವರದೊಂದು ನೆಪ.

"ಅರ್ಧ ಗಂಟೆ ಕೆಲಸ ಮೇಡಂ. ಇಷ್ಟಕ್ಕೇ ಹೆದರಿದರೆ ಹೇಗೆ, ನೀವೇ ಹೇಳಿ" ಅಂದರು ಅವರ ಹೆಂಡತಿ. ಸತೀಶ್ ಸುಮ್ನೆ ನಕ್ಕರು.

ಆಮೇಲೆ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ: "ಆಪರೇಷನ್ ಅಂದ ಕೂಡಲೇ ಕಣ್ಣಮುಂದೆ ಏನು ಬರುತ್ತೆ?" ನೋವು ಅನ್ನುತ್ತಾರೆ ಅಂದುಕೊಂಡಿದ್ದೆ. "ಇಂಜೆಕ್ಷನ್ ಕೊಡುವಾಗ ಬಿದ್ದುಬಿಡ್ತೀನಿ ಮೇಡಂ. ಎಲ್ಲರೆದುರಿಗೆ" ಅಂದರು. ಕಾಲೇಜಿನಲ್ಲಿದ್ದಾಗ ರಕ್ತಪರೀಕ್ಷೆಗೆ ಹೋಗಿ ತಲೆಸುತ್ತಿ ಬಿದ್ದಿದ್ದರಂತೆ. ಗೆಳೆಯರು ವರ್ಷಗಟ್ಟಲೆ ಆಡಿಕೊಂಡಿದ್ದರು. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಇದು ಅಂಜುಬುರುಕತನ ಅಲ್ಲ. ಬೇರೆ ಭಯಗಳಲ್ಲಿ ಎದೆಬಡಿತವೂ ಬಿಪಿಯೂ ಏರುತ್ತವೆ, ಹಾಗಾಗಿ ಮೂರ್ಛೆ ಹೋಗುವುದು ಅಪರೂಪ. ರಕ್ತ, ಸೂಜಿ, ಗಾಯದ ಭಯ ಮಾತ್ರ ಬೇರೆ ಥರ. ಮೊದಲು ಬಿಪಿ ಏರಿ, ಆಮೇಲೆ ಥಟ್ಟನೆ ಇಳಿಯುತ್ತೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಕಟ್ಟುತ್ತೆ. ಇಂಥವರಿಗೆ "ಮೈ ಸಡಿಲ ಬಿಡಿ, ರಿಲ್ಯಾಕ್ಸ್ ಮಾಡಿ" ಅನ್ನುವುದು ತಿರುಗುಬಾಣ, ಬಿಪಿ ಇನ್ನಷ್ಟು ಇಳಿಯಬಹುದು. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಅದನ್ನೇ ಹೇಳೋದು ನೋಡಿ!

ಬೇಕಾಗಿರುವುದು ಇದಕ್ಕೆ ಉಲ್ಟಾ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಅಭ್ಯಾಸ ಇದು. ತೋಳು, ಹೊಟ್ಟೆ, ಕಾಲಿನ ಸ್ನಾಯುಗಳನ್ನೆಲ್ಲ ಒಟ್ಟಿಗೆ ಬಿಗಿ ಮಾಡಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಮುಖಕ್ಕೆ ಬಿಸಿ ಏರಿದಂತಾಗುತ್ತೆ. ಆಗ ಬಿಡಿ, ಆದರೆ ಪೂರ್ತಿ ಸಡಿಲ ಮಾಡಬೇಡಿ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. ಇಪ್ಪತ್ತು ಮೂವತ್ತು ಸೆಕೆಂಡು ಬಿಟ್ಟು ಮತ್ತೆ ಬಿಗಿ ಮಾಡಿ. ಹೀಗೆ ಐದು ಸಲ. ಸತೀಶ್ ಮೊದಲು ಉಸಿರು ಕಟ್ಟಿಕೊಂಡು ಮಾಡಿದರು. ಉಸಿರಾಡ್ತಾ ಇರಿ ಅಂತ ತಿದ್ದಿದೆ. ಬಿಪಿ ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಇವರಿಗೆ ಅವೆರಡೂ ಇರಲಿಲ್ಲ.

ದಿನಾ ಮನೆಯಲ್ಲಿ ಮಾಡಲು ಹೇಳಿದೆ. ಮುಂದಿನ ಭೇಟಿಗಳಲ್ಲಿ ಮೊದಲು ಸಿರಿಂಜಿನ ಚಿತ್ರ, ಆಮೇಲೆ ಮೇಜಿನ ಮೇಲೆ ನಿಜವಾದ ಸಿರಿಂಜು. ತಲೆ ಹಗುರಾಯಿತು ಅನ್ನಿಸಿದ ತಕ್ಷಣ ಬಿಗಿ ಮಾಡುವುದು. ಆಪರೇಷನ್ ಮಾಡುವಾಗ ಕಾಲು ಅಲ್ಲಾಡಬಾರದಲ್ಲ, ಅದಕ್ಕೆ ತೋಳು, ಹೊಟ್ಟೆ ಮಾತ್ರ ಬಿಗಿ ಮಾಡುವುದನ್ನೂ ಕಲಿತರು.

ಇನ್ನು ಆಪರೇಷನ್ ಹೇಗೆ ಮಾಡುತ್ತಾರೆ ಅನ್ನುವುದು. ಅದನ್ನು ಸರ್ಜನ್ ಬಾಯಲ್ಲೇ ಕೇಳಿಸಿಕೊಂಡು ಬರಲು ಕಳಿಸಿದೆ. ಬೆರಳಿನ ಬುಡದ ಎರಡೂ ಬದಿಗೆ ಮರಗಟ್ಟಿಸುವ ಇಂಜೆಕ್ಷನ್. ಉರಿಯುವುದು ಅದೊಂದೇ. ಆಮೇಲೆ ಬೆರಳು ಎಳೆದಂತೆ, ಒತ್ತಿದಂತೆ ಗೊತ್ತಾಗುತ್ತೆ, ನೋವಾಗುವುದಿಲ್ಲ. ಚುಚ್ಚುವ ಅಂಚನ್ನಷ್ಟೇ ಸೀಳಿ ತೆಗೆದು, ಅದು ಮತ್ತೆ ಬೆಳೆಯದ ಹಾಗೆ ಬುಡಕ್ಕೆ ಫೀನಾಲ್ ಅನ್ನುವ ರಾಸಾಯನಿಕ ಹಚ್ಚುತ್ತಾರೆ. ಪೂರ್ತಿ ಉಗುರು ಕಿತ್ತುಹಾಕ್ತಾರೆ ಅಂದುಕೊಂಡಿದ್ದ ಸತೀಶ್‌ಗೆ ಇಷ್ಟು ಕೇಳಿಯೇ ಅರ್ಧ ಜೀವ ಬಂತು.

ನನ್ನ ಸಲಹೆ ಇಷ್ಟಿತ್ತು. ಹೋದ ಕೂಡಲೇ ನರ್ಸ್‌ಗೆ "ಸೂಜಿ ಕಂಡರೆ ತಲೆ ಸುತ್ತುತ್ತೆ, ಮಲಗಿಸಿಯೇ ಕೊಡಿ" ಅಂತ ಬಾಯಿಬಿಟ್ಟು ಹೇಳಿ. ಇಂಥವರನ್ನು ಅವರು ದಿನಾ ನೋಡುತ್ತಾರೆ. ಮುಗಿದ ಮೇಲೆ ಧಡಕ್ಕನೆ ಏಳಬೇಡಿ. ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲಿ. ಮೊದಲ ಒಂದೆರಡು ದಿನ ಕಾಲು ದಿಂಬಿನ ಮೇಲಿರಲಿ. ಫೀನಾಲ್ ಹಚ್ಚಿದ ಗಾಯದಿಂದ ಕೆಲವು ವಾರ ನೀರು ಜಿನುಗುವುದು ಮಾಮೂಲಿ, ಅದಕ್ಕೆ ಗಾಬರಿ ಬೇಡ. ಕೆಂಪು ಹರಡುತ್ತಾ ಹೋದರೆ, ನೋವು ಏರುತ್ತಾ ಹೋದರೆ, ಜ್ವರ ಬಂದರೆ ತಡಮಾಡದೆ ಫೋನ್ ಮಾಡಿ.

ಹೆಂಡತಿಗೆ ನಾನು ಹೇಳಿದ್ದು ಒಂದೇ: "ಇಷ್ಟಕ್ಕೇ" ಅನ್ನುವ ಮಾತು ಬಿಡಿ. ಕಾಲೇಜಿನ ಕಥೆಯನ್ನು ಅಂದು ಸತೀಶ್ ನನ್ನೆದುರಿಗೇ ಅವರಿಗೆ ಹೇಳಿದರು. "ಮೊದಲೇ ಹೇಳಬಾರದಾಗಿತ್ತಾ?" ಅಂತ ಅವರು ಗದರಿದರು. ಆ ಗದರಿಕೆಯಲ್ಲಿ ಸಿಟ್ಟೇನೂ ಇರಲಿಲ್ಲ.

ಆಪರೇಷನ್ ಆಯಿತು. ಇಂಜೆಕ್ಷನ್ ಹೊತ್ತಿಗೆ ಕಣ್ಣು ಮಂಜಾಗಿದ್ದು ನಿಜ, ತೋಳು ಬಿಗಿ ಮಾಡಿದೆ, ತಡೀತು ಅಂದರು. ಅಭ್ಯಾಸ ಬಿಡಬೇಡಿ ಅಂದಿದ್ದೇನೆ. ಇದೇ ಭಯಕ್ಕೆ ಮುಂದೂಡಿದ್ದ ಹಲ್ಲು ಕೀಳಿಸುವ ಕೆಲಸ ಇನ್ನೂ ಬಾಕಿ ಇದೆ.