ಮಕ್ಕಳ ಕ್ರೀಡೆಗೆ ಖಾಸಗಿ ಬಂಡವಾಳ ಬಂದರೆ ಏನಾಗುತ್ತದೆ?

ಅಂಗಣ ಸುಧಾರಿಸುತ್ತದೆ, ತರಬೇತುದಾರರಿಗೆ ಸಂಬಳ ಸಿಗುತ್ತದೆ, ಜೊತೆಗೆ ಖರ್ಚೂ ಏರುತ್ತದೆ. ನನ್ನ ಆತಂಕವಿರುವುದು ಈ ಕೊನೆಯದರ ಬಗ್ಗೆ.

ಅಮೆರಿಕವನ್ನೇ ನೋಡಿ. ಫ್ಲಾರಿಡಾದ ಕ್ರೀಡಾ ತರಬೇತಿ ವಸತಿ ಶಾಲೆ ಐಎಂಜಿ ಅಕಾಡೆಮಿ 2023ರಲ್ಲಿ 125 ಕೋಟಿ ಡಾಲರ್‌ಗೆ ಹೂಡಿಕೆ ಸಂಸ್ಥೆಯೊಂದರ ಪಾಲಾಯಿತು. ಇಂಥ ಸಂಸ್ಥೆಗಳು ಕೆಲವು ವರ್ಷಗಳಲ್ಲಿ ಲಾಭಕ್ಕೆ ಮಾರಿ ಹೊರಬೀಳುವ ಲೆಕ್ಕದಲ್ಲೇ ಹಣ ಹಾಕುತ್ತವೆ. ಆ ಲಾಭದ ಬಹುಪಾಲು ಬರಬೇಕಾದದ್ದು ಹೆತ್ತವರ ಜೇಬಿನಿಂದ.

ಅದು ಹೇಗೆ ಬರುತ್ತದೆ ಎಂಬುದು ಅಲ್ಲಿನ ಟೂರ್ನಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹೊರಊರಿನ ತಂಡ ಆಡಬೇಕಾದರೆ ಸಂಘಟಕರ ಪಟ್ಟಿಯಲ್ಲಿರುವ ಹೋಟೆಲಿನಲ್ಲೇ ತಂಗಬೇಕೆಂಬ ಷರತ್ತು ಅನೇಕ ಕಡೆ ಇದೆ. ಕೊಠಡಿ ಬಾಡಿಗೆಯಲ್ಲಿ ಒಂದು ಪಾಲು ಸಂಘಟಕರಿಗೆ ಸೇರುತ್ತದೆ. ಮಗಳ ಆಟ ನೋಡಲು ಬಂದ ತಂದೆ ಪ್ರವೇಶಕ್ಕೂ ದುಡ್ಡು ಕೊಡುತ್ತಾನೆ. ಅಂಗಣ, ಕ್ಲಬ್, ಲೀಗ್ ಮೂರೂ ಒಬ್ಬರದೇ ಆದಾಗ ಬೇಡವೆಂದರೆ ಹೋಗಲು ಬೇರೆ ಜಾಗವೇ ಇರುವುದಿಲ್ಲ. ಬಡ ಮನೆಯ ಮಗು ಇಲ್ಲೇ ಹಿಂದೆ ಬೀಳುವುದು, ಪ್ರತಿಭೆಯ ಕೊರತೆಯಿಂದಲ್ಲ.

ವರ್ಷವಿಡೀ ಶುಲ್ಕ ಬರಬೇಕೆಂದರೆ ಮಗು ವರ್ಷವಿಡೀ ಒಂದೇ ಆಟ ಆಡಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಾದರೋ 15–16ನೇ ವಯಸ್ಸಿನವರೆಗೆ ಒಂದೇ ಕ್ರೀಡೆಗೆ ಅಂಟಿಕೊಳ್ಳದಿರುವುದೇ ಒಳಿತು ಎನ್ನುತ್ತದೆ. ದೇಹದ ಒಂದೇ ಭಾಗದ ಅತಿಬಳಕೆಯಿಂದಾಗುವ ಗಾಯ, ಮನಸ್ಸಿನ ದಣಿವು ಎರಡರ ಬಗ್ಗೆಯೂ ಅದು ಎಚ್ಚರಿಸುತ್ತದೆ.

ಹಣವನ್ನೇ ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ನಿಯಮ ಮೊದಲು ಬರಲಿ. ನಾರ್ವೆಯ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡಾ ಹಕ್ಕುಗಳನ್ನು ಬರಹದಲ್ಲೇ ಇಟ್ಟಿದೆ. ತೀರಾ ಚಿಕ್ಕವರ ಪಂದ್ಯಗಳಲ್ಲಿ ಶ್ರೇಯಾಂಕ ಪಟ್ಟಿಗೂ ಅಲ್ಲಿ ಅವಕಾಶವಿಲ್ಲ.