ತುಂಬಿದ ಹಾಲ್ ಇದ್ದರೂ ಸರ್ಕಸ್ ಯಾಕೆ ಮುಚ್ಚುತ್ತೆ?

ಪ್ರಶ್ನೆ: 2024ರ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳು ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ‘ವಾಟರ್ ಫಾರ್ ಎಲಿಫೆಂಟ್ಸ್’ ತೋರಿಸಿದಳು. ಕಥೆ, ಹಾಡು, ಜೊತೆಗೆ ನಿಜವಾದ ಸರ್ಕಸ್ ಕಲಾವಿದರು. ಹಾಲ್ ತುಂಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೂ ಡಿಸೆಂಬರ್‌ನಲ್ಲಿ ನಿಂತುಹೋಯಿತಂತೆ. ದೊಡ್ಡ ದುಡ್ಡು ಹಾಕಿದ ಸರ್ಕಸ್ ನಾಟಕದ ಬೀದಿಯಲ್ಲಿ ಗೆಲ್ಲೋಕೆ ಆಗೋದೇ ಇಲ್ವಾ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಗೆದ್ದಿದ್ದೂ ಇದೆ ಮೇಡಂ. ಆದರೆ ಸೋತಿದ್ದೇ ಜಾಸ್ತಿ. ಸೋತದ್ದಕ್ಕೆ ಕಲಾವಿದರನ್ನು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೆಚ್ಚಿನ ಸಲ ಸೋಲಿಗೆ ಕಾರಣ ಕಟ್ಟಡ ಮತ್ತು ವಾರದ ಲೆಕ್ಕ.

ನೀವು ನೋಡಿದ್ದು ಒಂದು ದಿನದ ತುಂಬಿದ ಹಾಲ್. ನಿರ್ಮಾಪಕರು ನೋಡುವುದು ವಾರದ ಎಂಟು ಆಟಗಳನ್ನು. ಬ್ರಾಡ್‌ವೇ ಪದ್ಧತಿ ಅದು, ವಾರಕ್ಕೆ ಎಂಟು. ಆ ನಾಟಕ ನಡೆದ ಇಂಪೀರಿಯಲ್ ಥಿಯೇಟರಿನಲ್ಲಿ ಸುಮಾರು 1,400 ಸೀಟು. ಅಂದರೆ ವಾರಕ್ಕೆ ಹೆಚ್ಚೆಂದರೆ 11,200 ಟಿಕೆಟ್. ಆ ದುಡ್ಡಿನಲ್ಲೇ ಹಾಲ್ ಬಾಡಿಗೆ, ನಟರು, ವಾದ್ಯದವರು, ರಂಗದ ಕೆಲಸಗಾರರು, ಜಾಹೀರಾತು ಎಲ್ಲವೂ ನಡೆಯಬೇಕು. ಸರ್ಕಸ್ ಸೇರಿದರೆ ಹಗ್ಗ ಮತ್ತು ಕೊಂಡಿಗಳನ್ನು ದಿನವೂ ಪರೀಕ್ಷಿಸುವವರು ಬೇಕು, ಫಿಸಿಯೋಥೆರಪಿ ಬೇಕು, ಕೈ ಉಳುಕಿದವರ ಜಾಗಕ್ಕೆ ಅದೇ ಕಸರತ್ತು ಗೊತ್ತಿರುವ ಇನ್ನೊಬ್ಬರು ಬೇಕು. ನಟನಿಗೆ ಜ್ವರ ಬಂದರೆ ಪಾತ್ರವನ್ನು ಬಾಯಿಪಾಠ ಮಾಡಿದ ಇನ್ನೊಬ್ಬ ನಿಭಾಯಿಸಬಹುದು. ಗಾಳಿಯಲ್ಲಿ ಹಾರುವವರನ್ನು ಹಿಡಿಯುವವನ ಜಾಗಕ್ಕೆ ಹಾಗೆ ಯಾರನ್ನೋ ನಿಲ್ಲಿಸಲು ಆಗುವುದಿಲ್ಲ, ಅಲ್ವಾ?

ಲಾಸ್ ವೇಗಸ್ ನೋಡಿ. ಕೆನಡಾದ ಸರ್ಕ್ ದು ಸೊಲೇ ಕಂಪನಿಯ ‘ಓ’ ಅಲ್ಲಿ 1998ರಿಂದ ನಡೆಯುತ್ತಿದೆ, ಬೆಲ್ಲಾಜಿಯೋ ಹೋಟೆಲ್‌ನಲ್ಲಿ. ರಂಗದ ಜಾಗದಲ್ಲಿ ಸುಮಾರು 57 ಲಕ್ಷ ಲೀಟರ್ ನೀರಿನ ಕೊಳ. ಆ ಒಂದು ಆಟಕ್ಕಾಗಿಯೇ ಕಟ್ಟಿಸಿದ ಹಾಲ್, 1,800 ಸೀಟು. ಸಾಮಾನ್ಯವಾಗಿ ರಾತ್ರಿಗೆ ಎರಡು ಆಟ, ವಾರಕ್ಕೆ ಹತ್ತು. 18,000 ಟಿಕೆಟ್ ಆಯಿತು. ಊರಿಗೆ ಬರುವ ಜನ ಮೂರು ನಾಲ್ಕು ದಿನಕ್ಕೆ ಬದಲಾಗುತ್ತಾರೆ. ಹೋಟೆಲ್‌ನವರಿಗೆ ಟಿಕೆಟ್ ದುಡ್ಡೊಂದೇ ಲಾಭವೂ ಅಲ್ಲ. ಆಟ ನೋಡಲು ಬಂದವರು ಅಲ್ಲೇ ಉಳಿಯುತ್ತಾರೆ, ತಿನ್ನುತ್ತಾರೆ, ಜೂಜಾಡುತ್ತಾರೆ.

ಇದೇ ಕಂಪನಿ ನ್ಯೂಯಾರ್ಕಿನಲ್ಲಿ ತತ್ತರಿಸಿತು. 2010ರಲ್ಲಿ ಬೀಕನ್ ಥಿಯೇಟರಿಗೆ ತಂದ ‘ಬನಾನಾ ಶ್ಪೀಲ್’ ಕೆಲವೇ ವಾರಗಳಲ್ಲಿ ಮುಚ್ಚಿತು. 2016ರಲ್ಲಿ 2.5 ಕೋಟಿ ಡಾಲರ್ ಹಾಕಿ ಲಿರಿಕ್ ಥಿಯೇಟರಿನಲ್ಲಿ ‘ಪ್ಯಾರಮೋರ್’ ಮಾಡಿದರು. ಅದು ಒಂದು ವರ್ಷ ನಡೆಯಿತು. ಲಿರಿಕ್ ಅಂದರೆ ಸಣ್ಣ ಹಾಲ್ ಅಲ್ಲ. ಎರಡು ಹಳೆಯ ಥಿಯೇಟರುಗಳ ಜಾಗದಲ್ಲಿ ಕಟ್ಟಿ 1998ರಲ್ಲಿ ತೆರೆದದ್ದು, ಆಗ ಸುಮಾರು 1,900 ಸೀಟು. ಅದೇ ಹಾಲ್‌ನಲ್ಲಿ ಅದಕ್ಕೂ ಮೊದಲು 7.5 ಕೋಟಿ ಡಾಲರಿನ ‘ಸ್ಪೈಡರ್ ಮ್ಯಾನ್’ ನಾಟಕ ಇತ್ತು. ಪ್ರೇಕ್ಷಕರ ತಲೆ ಮೇಲೆ ನಟರು ಹಾರಾಡುತ್ತಿದ್ದರು. ಹಲವರಿಗೆ ಪೆಟ್ಟಾಯಿತು, ಅಧಿಕೃತ ಉದ್ಘಾಟನೆ ಮತ್ತೆ ಮತ್ತೆ ಮುಂದೆ ಹೋಗಿ 2011ರ ಜೂನ್‌ಗೆ ಬಂತು. 2014ರ ಜನವರಿಯವರೆಗೆ ಓಡಿತು, ಜನವೂ ಬಂದರು. ಆದರೆ ನಡೆಸುವ ಖರ್ಚೇ ವಾರಕ್ಕೆ 10 ಲಕ್ಷ ಡಾಲರ್ ದಾಟಿತ್ತು. ಹಾಕಿದ್ದು ಬಹುಪಾಲು ಮುಳುಗಿತು. ಇಷ್ಟೆಲ್ಲ ಆದಮೇಲೆ ಆ ಹಾಲ್‌ನ ಸೀಟು ಕಡಿಮೆ ಮಾಡಿ, ಒಳಗೆಲ್ಲ ಬದಲಿಸಿ, 2018ರಲ್ಲಿ ಹ್ಯಾರಿ ಪಾಟರ್ ನಾಟಕ ತಂದರು. ಅದು ಗೆದ್ದು ನೆಲೆ ನಿಂತಿತು.

ದುಡ್ಡಿನ ಆಚೆಗೂ ಒಂದು ಕಷ್ಟ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಕಸರತ್ತು ಸೇರಿಸಿ ನಾಟಕ ಮಾಡುವ ಹುಡುಗರೂ ಎಡವುವುದು ಇಲ್ಲೇ. ಕಥೆ ನೋಡುವಾಗ ಮನಸ್ಸು ‘ಮುಂದೇನಾಗುತ್ತೆ’ ಅಂತ ಕೇಳುತ್ತದೆ. ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವವರನ್ನು ನೋಡುವಾಗ ‘ಅಯ್ಯೋ, ಬೀಳ್ತಾರಾ’ ಅಂತ ಕೇಳುತ್ತದೆ. ಎರಡನೇ ಪ್ರಶ್ನೆ ಬಂದ ಕೂಡಲೇ ಮೊದಲನೆಯದು ಮರೆತುಹೋಗುತ್ತದೆ. ಹಾರುತ್ತಿರುವುದು ನಾಯಕಿ ಅನ್ನುವುದು ಯಾರಿಗೂ ನೆನಪಿರುವುದಿಲ್ಲ, ಒಂದು ಜೀವ ಮೇಲಿದೆ ಅನ್ನುವುದಷ್ಟೇ ಕಾಣುತ್ತದೆ. ಅವಳು ಇಳಿದ ಮೇಲೆ ಕಥೆಯನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ‘ಪ್ಯಾರಮೋರ್’ ಬಗ್ಗೆ ವಿಮರ್ಶಕರು ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಕಸರತ್ತು ಸೊಗಸು, ಕಥೆಗೂ ಅದಕ್ಕೂ ನಂಟಿಲ್ಲ.

ನಂಟು ಇದ್ದಾಗ ಏನಾಗುತ್ತೆ ಅನ್ನುವುದಕ್ಕೆ ‘ಪಿಪ್ಪಿನ್’ ಇದೆ. 1972ರ ಹಳೆಯ ಸಂಗೀತ ನಾಟಕ. 2013ರಲ್ಲಿ ನಿರ್ದೇಶಕಿ ಡಯಾನ್ ಪೌಲಸ್ ಅದನ್ನು ಸರ್ಕಸ್ ಟೆಂಟಿನೊಳಗೆ ನಡೆಯುವ ಹಾಗೆ ಮಾಡಿದರು. ಕಸರತ್ತು ಕಟ್ಟಿದವರು ಮಾಂಟ್ರಿಯಲ್‌ನ ಒಂದು ಸಣ್ಣ ಸರ್ಕಸ್ ತಂಡದ ಜಿಪ್ಸಿ ಸ್ನೈಡರ್. ಜೀವನದಲ್ಲಿ ಏನೋ ಅದ್ಭುತ ಬೇಕು ಅಂತ ಹುಡುಕುವ ಹುಡುಗನ ಕಥೆ ಅದು, ಆದ್ದರಿಂದ ಅಪಾಯದ ಆಟವೇ ಅವನನ್ನು ಸೆಳೆಯುವ ಶಕ್ತಿಯಾಯಿತು. ಸುಮಾರು 85 ಲಕ್ಷ ಡಾಲರಿನಲ್ಲಿ ಮುಗಿಸಿದರು. ಅಲ್ಲಿನ ಲೆಕ್ಕಕ್ಕೆ ಅದು ಹಿಡಿತದ ಖರ್ಚು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಟೋನಿ ಬಂತು, ಹಾಕಿದ ದುಡ್ಡೂ ಬೇಗ ವಾಪಸ್ ಬಂತು. ನೀವು ನೋಡಿದ ನಾಟಕದಲ್ಲೂ ಸರ್ಕಸ್ಸೇ ಕಥೆಯ ಊರು, ಗೊಂಬೆ ಆನೆಗೂ ಜೀವ ಇತ್ತು. ಅದು ಒಳ್ಳೆಯ ನಾಟಕವೇ ಮೇಡಂ. ಏಳು ಟೋನಿ ನಾಮನಿರ್ದೇಶನ ಬಂದವು, ಒಂದೂ ಕೈಗೆ ಸಿಗಲಿಲ್ಲ. ಪ್ರಶಸ್ತಿಯ ಬಲ ಇಲ್ಲದೆ, ಆ ಖರ್ಚು ಹೊತ್ತು, ಇನ್ನೊಂದು ಚಳಿಗಾಲ ದಾಟುವುದು ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಸರ್ಕಸ್ ಬಾಡಿಗೆ ಹಾಲ್‌ನಲ್ಲಿ ವರ್ಷಗಟ್ಟಲೆ ಕೂರಲು ಹೋಗಬಾರದು. ತನ್ನ ಟೆಂಟ್ ಹೊತ್ತು ಬರಬೇಕು, ಜನ ಇರುವಷ್ಟು ದಿನ ಆಡಬೇಕು, ಹೊರಡಬೇಕು. ದಸರಾ ಜನಕ್ಕೆ ಅಂತ ನಮ್ಮ ಮೈಸೂರಿನ ಮೈದಾನಗಳಲ್ಲಿ ಟೆಂಟ್ ಹಾಕಿದ ಸರ್ಕಸ್ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಸರ್ಕ್ ದು ಸೊಲೇ 2018ರಲ್ಲಿ ಮುಂಬೈಗೆ ‘ಬಜಾರ್’ ತಂದಾಗಲೂ ಟೆಂಟಿನಲ್ಲೇ ಆಡಿತು. ನಮ್ಮ ರಂಗಾಯಣ 2010ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿದ್ದು ತನ್ನದೇ ಆವರಣದಲ್ಲಿ, ಬಯಲಲ್ಲಿ, ಜನರನ್ನು ಒಂದು ರಂಗದಿಂದ ಇನ್ನೊಂದಕ್ಕೆ ನಡೆಸುತ್ತಾ. ಜಾಗ ಸ್ವಂತದ್ದು ಆಗಿದ್ದರಿಂದಲೇ ಅಷ್ಟು ದೊಡ್ಡದನ್ನು ಯೋಚಿಸಲು ಸಾಧ್ಯವಾಯಿತು.

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ವರ್ಷ ವರ್ಷ ‘ಕುರುಕ್ಷೇತ್ರ’ ಆಡ್ತೀವಿ. ಈ ಸಲ ಅಭಿಮನ್ಯು ಹಗ್ಗದಲ್ಲಿ ಹಾರಿ ಬಂದು ಚಕ್ರವ್ಯೂಹಕ್ಕೆ ಇಳೀಬೇಕು ಅಂತ ಹುಡುಗರ ಆಸೆ. ಪಟ್ಟಣದಲ್ಲಿ ಒಂದು ಹಾಲ್ ನೋಡಿದ್ದೀವಿ, ಮೇಲಿನ ಕಂಬಿಗೆ ಹಗ್ಗ ಕಟ್ಟಬಹುದಾ ಸಾರ್? ಹಾಕಿದ ದುಡ್ಡು ಬರುತ್ತಾ?
(ಓದುಗರು, ಮಂಡ್ಯ ತಾಲ್ಲೂಕು)

ಉತ್ತರ: ದಯವಿಟ್ಟು ಕಟ್ಟಬೇಡಿ. ಆ ಕಂಬಿ ಇರುವುದು ಪರದೆ ಮತ್ತು ಲೈಟಿಗೆ. 60 ಕಿಲೋ ತೂಕದ ಹುಡುಗ ಹಗ್ಗಕ್ಕೆ ಸುಮ್ನೆ ಜೋತು ಬಿದ್ದರೆ ಹಗ್ಗದ ಮೇಲೆ 60 ಕಿಲೋ ಭಾರ. ಹಗ್ಗ ನೆಟ್ಟಗೆ ಅಡ್ಡಲಾಗಿರುವಷ್ಟು ಎತ್ತರದಿಂದ ಜೀಕಿಕೊಂಡು ಬಂದರೆ, ಕೆಳಗೆ ಮುಟ್ಟುವ ಹೊತ್ತಿಗೆ ಅದೇ ಭಾರ 180 ಕಿಲೋ. ಎಳೆತ ಹಠಾತ್ತಾಗಿ ಬಂದರೆ ಇನ್ನೂ ಜಾಸ್ತಿ. ಹಗ್ಗ ತಡೆದರೂ ಕಂಬಿಯ ಬೋಲ್ಟ್ ತಡೆಯುತ್ತದೆ ಅನ್ನುವ ಖಾತರಿ ಇಲ್ಲ. ಹಾಲ್‌ನವರು ಬಾಯಿಮಾತಲ್ಲಿ ‘ಆಯ್ತು ಕಟ್ಟಿ’ ಅಂದರೂ ಒಪ್ಪಬೇಡಿ. ಎಂಜಿನಿಯರ್ ಬಂದು ನೋಡಿ, ಬರೆದು ಕೊಡಬೇಕು.

ಹುಡುಗರ ಆಸೆ ತಪ್ಪಲ್ಲ. ಗುಬ್ಬಿ ವೀರಣ್ಣನವರು 1930ರ ದಶಕದಲ್ಲೇ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆ ತಂದವರು. ನಿಮಗೆ ಬ್ರಾಡ್‌ವೇಯವರಿಗಿಲ್ಲದ ಒಂದು ಅನುಕೂಲವೂ ಇದೆ. ಕಥೆ ಎಲ್ಲರಿಗೂ ಗೊತ್ತು. ದುರ್ಯೋಧನ ನಿಂತು ಅದೇ ಪದ್ಯವನ್ನು ಮೂರು ಸಲ ಹಾಡಿದರೂ ಜನ ಎಳೆ ಬಿಡುವುದಿಲ್ಲ. ಹಾಗಾಗಿ ನಡುವೆ ಕಸರತ್ತು ಬಂದರೂ ಕಥೆ ಒಡೆಯುವುದಿಲ್ಲ. ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸಿದ ಮಲ್ಲಕಂಬ ಇಡಿ, ಕೆಳಗೆ ದಪ್ಪ ಮ್ಯಾಟ್ ಹಾಸಿ. ಮಲ್ಲಕಂಬ ಕಲಿತ ಹುಡುಗನನ್ನೇ ಅಭಿಮನ್ಯು ಮಾಡಿ, ಪದ್ಯ ಬೇಕಾದರೆ ಪಕ್ಕದಿಂದ ಇನ್ನೊಬ್ಬರು ಹಾಡಲಿ. ವ್ಯೂಹದ ಒಂದೊಂದು ಸುತ್ತು ಭೇದಿಸುವಾಗ ಅವನು ಕಂಬದ ಮೇಲೆ ಒಂದೊಂದು ಮೆಟ್ಟು ಏರಲಿ. ಹಗ್ಗಕ್ಕಿಂತ ಇದೇ ಚೆನ್ನಾಗಿ ಕಾಣುತ್ತದೆ ಅಂತ ನನ್ನ ನಂಬಿಕೆ.

ದುಡ್ಡು ವಾಪಸ್ ಬರುವ ಮಾತು ಬಿಡಿ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ಹಾಕಿ, ದಾನಿಗಳನ್ನು ಹಿಡಿದು ಆಡುವ ನಾಟಕ ನಿಮ್ಮದು. ಖರ್ಚನ್ನು ಸೀನರಿಯವರ ಬಾಡಿಗೆಯ ಜೊತೆಗೇ ಮೊದಲೇ ಹಂಚಿಕೊಳ್ಳಿ, ಒಬ್ಬರ ತಲೆ ಮೇಲೆ ಹಾಕಬೇಡಿ. ಹುಡುಗನ ಹೆಸರಲ್ಲಿ ಅಪಘಾತ ವಿಮೆ ಮಾಡಿಸಿ. ಇನ್ನೊಂದು ಮಾತು, ಹಾರ್ಮೋನಿಯಂ ಮೇಷ್ಟ್ರಿಗೂ ಹೇಳಿಡಿ: ಜನ ಎಷ್ಟೇ ‘ಒನ್ಸ್ ಮೋರ್’ ಕೂಗಿದರೂ ಪದ್ಯ ಮಾತ್ರ ಇನ್ನೊಂದು ಸಲ ನುಡಿಸಲಿ, ಕಂಬದ ಆಟ ಬೇಡ. ಕೈ ಜಾರುವುದು ದಣಿದ ಮೇಲೆಯೇ.